ತಾವು ದಾರು? ಬ್ರಿಸ್ಟಲ್ ಜಾತ್ರೆಯ ವಿಡಿಯೊ ಮಾಡಿದ ಕಥೆ

ಅಪ್ಪ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಶಿಕಾಗೋ ಹೊರವಲಯದ ನಮ್ಮ ಓಣಿಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸುತ್ತಿ, ಎದುರಿಗೆ ಸಿಗುವ ನಾಯಿಗಳ ಹೆಸರನ್ನೆಲ್ಲ ಕಲಿತಿದ್ದರು. ಒಂದು ರಾತ್ರಿ ರೊಟ್ಟಿ ಮುರಿಯುತ್ತ ಕೇಳಿದರು: "ಯವ್ವಾ, ಈ ಊರಾಗ ಜಾತ್ರಿ-ಗೀತ್ರಿ ಏನೂ ಆಗೂದಿಲ್ಲೇನು?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಇಲಿನಾಯ್ ಗಡಿ ದಾಟಿದ ಕೂಡಲೇ, ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ, ಐ-94 ಹೆದ್ದಾರಿಗೆ ಹತ್ತಿಕೊಂಡಂತೆ ಬ್ರಿಸ್ಟಲ್ ರೆನೆಸಾನ್ಸ್ ಫೇರ್ ಎಂಬ, ಹಳೇ ಕಾಲದ ವೇಷ ಹಾಕಿ ಆಡುವ ಜಾತ್ರೆ ನಡೆಯುತ್ತದೆ. ಜುಲೈಯಿಂದ, ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಕಾರ್ಮಿಕರ ರಜೆ ಲೇಬರ್ ಡೇವರೆಗೆ, ವಾರಾಂತ್ಯಗಳಲ್ಲಿ ಮತ್ತು ಆ ರಜೆಯ ದಿನ ಮಾತ್ರ. ಒಳಗೆ ಕಾಲಿಟ್ಟರೆ ಇಸವಿ 1574. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ಬ್ರಿಸ್ಟಲ್ ಬಂದರಿಗೆ ಬಂದ ದಿನ. ಪ್ರತಿ ಶನಿವಾರವೂ ಅದೇ ದಿನ, ಪ್ರತಿ ಭಾನುವಾರವೂ ಅದೇ ದಿನ. ಹತ್ತು ವರ್ಷದಿಂದ ಆ ಹೆದ್ದಾರಿಯಲ್ಲಿ ಓಡಾಡಿದ್ದೆ, ಫಲಕ ನೋಡಿದ್ದೆ, ಒಳಗೆ ಹೋಗಿರಲಿಲ್ಲ.

ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾವೇರಿ ಜಿಲ್ಲೆಯ ಬಂಕಾಪುರದ ಹತ್ತಿರದ ಹಳ್ಳಿಯಲ್ಲಿ 34 ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಸುಗ್ಗಿ ಮುಗಿದ ಮೇಲೆ ಊರಲ್ಲಿ ದೊಡ್ಡಾಟ ಆದರೆ ಅವರೇ ಸಾರಥಿ. ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದರೆ ನೇರ ಕಥೆ ಶುರುವಾಗುವುದಿಲ್ಲ. ಸಾರಥಿ ಎದುರು ನಿಂತು ಕೇಳಬೇಕು: "ಈಗ ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು?" 'ದಾರು' ಅಂದರೆ ಯಾರು. ಆಗ ರಾಜ ಭುಜಕೀರ್ತಿ ಅಲ್ಲಾಡಿಸಿ ತನ್ನ ಊರು, ವಂಶ, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತಾನೆ. ಸಾರಥಿ ಕೇಳದಿದ್ದರೆ ರಾಜನಿಗೆ ಬಾಯಿಲ್ಲ.

ಅವ್ವ ಊರಲ್ಲೇ ಉಳಿದಿದ್ದಳು. ಅವಳ ಮೊಣಕಾಲಿಗೆ ಅಷ್ಟು ದೂರದ ವಿಮಾನ ಆಗುತ್ತಿರಲಿಲ್ಲ. ದಿನಾ ಫೋನಿನಲ್ಲಿ, "ಇವತ್ತೇನ್ ನೋಡಿದ್ರಿ?" ಎಂದು ಕೇಳುವಳು. ಅವಳಿಗೆ ತೋರಿಸಲು ಒಂದು ವಿಡಿಯೊ ಮಾಡೋಣ ಅಂದುಕೊಂಡೆ. ಸುಮ್ಮನೆ ತುಣುಕುಗಳನ್ನು ಕಳಿಸುವುದಲ್ಲ, ಮೊದಲು-ಕೊನೆ ಇರುವ ಒಂದು ಪೂರ್ತಿ ವಿಡಿಯೊ. ಹುಟ್ಟುಹಬ್ಬ ಬಿಟ್ಟರೆ ನಾನು ಬೇರೇನನ್ನೂ ಚಿತ್ರೀಕರಿಸಿದವಳಲ್ಲ.

ಜುಲೈ ನಡುವಿನ ಒಂದು ಶನಿವಾರ ಹೋದೆವು. ಬಾಗಿಲಲ್ಲೇ ಮೇಲಿನ ಗೋಡೆಯಿಂದ ಒಬ್ಬ "ಗುಡ್ ಮಾರೋ!" ಎಂದು ಕೂಗಿದ. ಬೆಳಗಿನ ನಮಸ್ಕಾರ. ಒಳಗೆ ಮಣ್ಣಿನ ದಾರಿ, ಮರದ ಅಟ್ಟದ ಅಂಗಡಿಗಳು, ದಾರಿಗೆ ಅಡ್ಡ ಕಟ್ಟಿದ ಬಾವುಟಗಳು. ಬಟ್ಟೆಗೆ ಇಲ್ಲಿ 'ಗಾರ್ಬ್' ಎನ್ನುತ್ತಾರೆ, ಪಾಯಿಖಾನೆಗೆ 'ಪ್ರಿವಿ'. ಚಪ್ಪಾಳೆಯ ಜೊತೆ 'ಹಝಾ' ಎಂದು ಕೂಗುತ್ತಾರೆ. ಟಿಕೆಟ್ ಕೊಂಡು ಬಂದವರೇ ವೇಷ ಹಾಕಿ ಪಾತ್ರದೊಳಗೆ ಇಳಿದರೆ ಅವರು 'ಪ್ಲೇಟ್ರನ್'. ಊರಿಂದೂರಿಗೆ ಇಂಥ ಜಾತ್ರೆಗಳ ಹಿಂದೆಯೇ ತಿರುಗಿ ಹೊಟ್ಟೆ ಹೊರೆಯುವವರು 'ರೆನಿ'ಗಳು. ಕತ್ತಿ ತಂದವರು ಅದನ್ನು ಒರೆಯಿಂದ ಹಿರಿಯದಂತೆ ಕಟ್ಟಿಕೊಂಡಿರಬೇಕು. ಅಪ್ಪ ಹತ್ತು ನಿಮಿಷ ಮಾತಿಲ್ಲದೆ ನಡೆದರು. ಆಮೇಲೆ ಒಂದು ಬೇವಾರ್ಸಿ ಭಿಕ್ಷುಕನ ವೇಷದವನು ಅವರ ಕಾಲ ಬಳಿ ಕುಳಿತು, ವೇಷ ಬಿಡದೆ, ಐದು ನಿಮಿಷ ಗೋಳು ಹೇಳಿಕೊಂಡ. ಅಪ್ಪನ ಮುಖ ಅರಳಿತು. "ಯವ್ವಾ, ಇವ್ರು ನಮ್ಮ ಹಗಲುವೇಷದವ್ರಂಗ ಅದಾರಲ್ಲ!"

ಅದು ಸರಿಯಾದ ಮಾತು. ಹಗಲುವೇಷಗಾರರೂ ಹೀಗೆಯೇ. ರಂಗ ಇಲ್ಲ, ಪರದೆ ಇಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿ ಮುಂದೆ ಬಂದು ನಿಂತು ಮಾತು ಹೂಡುತ್ತಾರೆ. ನೋಡುವವನು ಎಲ್ಲಿದ್ದಾನೋ ಅದೇ ರಂಗ.

ಅಪ್ಪ ಇಷ್ಟು ಹೇಳುವಾಗ ನಾನು ಫೋನನ್ನು ಬೇರೆ ಕಡೆ ಹಿಡಿದಿದ್ದೆ.

ಆ ದಿನ ಸಂಜೆ ಮನೆಗೆ ತಂದದ್ದು 2 ಗಂಟೆ 40 ನಿಮಿಷದ ದೃಶ್ಯ, 187 ತುಣುಕು. ಊಟ ಮುಗಿಸಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಎಲ್ಲವೂ ನಡೆಯುತ್ತ ತೆಗೆದದ್ದು, ಹೆಜ್ಜೆಗೊಮ್ಮೆ ಕುಲುಕು. ಯಾವ ವಸ್ತುವಿನ ಮೇಲೂ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಿಲ್ಲ. ಅಲ್ಲೊಂದು ಬಾವುಟ ಕಂಡಿತು, ಹಾರಿದೆ. ಇಲ್ಲೊಂದು ಗಿಡುಗ ಕಂಡಿತು, ತಿರುಗಿದೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅಗಲ ಟೋಪಿ ಹಾಕಿದವರ ಮುಖವೆಲ್ಲ ಕಪ್ಪು, ಹಿಂದಿನ ಆಕಾಶ ಸುಟ್ಟು ಬಿಳಿ. ಶಬ್ದವಂತೂ ಕೇಳುವಂತಿರಲಿಲ್ಲ. ಫೋನಿನ ಮೈಕಿಗೆ ಬಡಿದ ಗಾಳಿ ಭರ್ ಎಂದು ಎಲ್ಲರ ಮಾತನ್ನೂ ನುಂಗಿತ್ತು. ಕುದುರೆ ಸವಾರರು ಈಟಿ ಹಿಡಿದು ಡಿಕ್ಕಿ ಹೊಡೆಯುವ 'ಜೌಸ್ಟ್' ಆಟದಲ್ಲಿ ನನ್ನ ಹಿಂದಿದ್ದವರ ಕೂಗಿಗೆ ಶಬ್ದ ಒಡೆದು, ಈಟಿ ಮುರಿದ ಸದ್ದು ದಾಖಲೇ ಆಗಿರಲಿಲ್ಲ.

ಆದರೂ ಕತ್ತರಿಸಿ ಜೋಡಿಸಿ ನಾಲ್ಕು ನಿಮಿಷದ್ದು ಒಂದು ಮಾಡಿ ಅವ್ವನಿಗೆ ಕಳಿಸಿದೆ. ಮರುದಿನ ಅವಳ ಫೋನು. "ಏ ತಂಗಿ, ಗೇಟು ಕಂಡ್ವು, ಮಂದಿ ಬೆನ್ನು ಕಂಡ್ವು. ನಿಮ್ಮಪ್ಪ ಎಲ್ಲಿ? ಅಲ್ಲಿ ಅವ್ರೇನ್ ಮಾಡ್ತಾರ, ಯಾಕ್ ಮಾಡ್ತಾರ, ಒಂದೂ ತಿಳೀಲಿಲ್ಲ."

ಅವ್ವನ ಆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ವಿಡಿಯೊ ಮಾಡುವುದು ಹೇಗೆಂದು ಹೇಳಿಕೊಡುವ ಪಾಠಗಳನ್ನು ಆ ವಾರ ಬೇಕಾದಷ್ಟು ನೋಡಿದೆ. ನನಗೆ ನಿಜವಾಗಿ ದಾರಿ ತೋರಿಸಿದ್ದು ಆ ಚೀಟಿ.

ಯಾಕೆ ಮಾಡುತ್ತಾರೆ ಎಂಬುದಕ್ಕೆ ಸ್ವಲ್ಪ ಓದಿದೆ. ಅಮೆರಿಕದಲ್ಲಿ ಇಂಥ ಜಾತ್ರೆ ಮೊದಲು ನಡೆದದ್ದು 1963ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಶುರು ಮಾಡಿದವರು ಫಿಲಿಸ್ ಪ್ಯಾಟರ್ಸನ್ ಎಂಬ ಶಾಲಾ ಶಿಕ್ಷಕಿ ಮತ್ತು ಅವರ ಗಂಡ ರಾನ್. ಆಕೆ ಮನೆಯ ಹಿತ್ತಲಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಕೆಪಿಎಫ್‌ಕೆ ಎಂಬ ಕೇಳುಗರ ವಂತಿಗೆಯಿಂದ ನಡೆಯುವ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಹೂಡಿದ ಸಂತೆ ಅದು. ಮಾಸ್ತರು, ಮಕ್ಕಳ ನಾಟಕ, ವಂತಿಗೆ. ಇದನ್ನು ಓದಿ ಹೇಳಿದಾಗ ಅಪ್ಪ, "ನಮ್ಮ ಸಾಲಿ ಗ್ಯಾದರಿಂಗನಂಗ ಐತಿ" ಎಂದರು. ಬ್ರಿಸ್ಟಲ್ ಜಾತ್ರೆ ಅದರ ನಂತರದ್ದು, 1970ರ ದಶಕದಲ್ಲಿ ಕಿಂಗ್ ರಿಚರ್ಡ್ಸ್ ಫೇರ್ ಎಂಬ ಹೆಸರಲ್ಲಿ ಹುಟ್ಟಿದ್ದು.

ಇನ್ನೊಂದು ಸಂಗತಿ ಸಿಕ್ಕಾಗ ರಾತ್ರಿ ಹನ್ನೊಂದು ದಾಟಿತ್ತು, ಅಪ್ಪನನ್ನು ಎಬ್ಬಿಸಿ ಹೇಳಿದೆ. 1574ರ ಆಗಸ್ಟಿನಲ್ಲಿ ರಾಣಿ ನಿಜವಾಗಿ ಬ್ರಿಸ್ಟಲ್‌ಗೆ ಬಂದಾಗ ಊರವರು ಅವಳಿಗಾಗಿ ಕೋಟೆ ಕಟ್ಟಿ, ಮೂರು ದಿನ ಸುಳ್ಳು ಯುದ್ಧ ಆಡಿ ತೋರಿಸಿದ್ದರು. ಅಂದರೆ ಈ ಜಾತ್ರೆ ನೆನೆಯುತ್ತಿರುವ ಆ ದಿನವೂ ಒಂದು ಆಟದ ದಿನವೇ. ಅಪ್ಪ ಕಣ್ಣುಜ್ಜಿಕೊಳ್ಳುತ್ತ, "ಮೂರ್ ದಿನ ಅಂದ್ರ ನಮಗಿಂತ ಗಟ್ಟಿ ಮಂದಿ" ಎಂದು ಮತ್ತೆ ಮಲಗಿದರು.

ಎರಡನೆಯ ಸಲ ಹೋದದ್ದು ಆಗಸ್ಟ್ ಮೊದಲ ಶನಿವಾರ. ಈ ಸಲದ ತಯಾರಿ ಬೇರೆ. ಜಾತ್ರೆಯವರಿಗೆ ಮುಂಚೆಯೇ ಬರೆದು ಮನೆಮಂದಿಗಾಗಿ ತೆಗೆಯುವುದಕ್ಕೆ ಅಡ್ಡಿಯಿಲ್ಲ ಎಂದು ತಿಳಿದುಕೊಂಡಿದ್ದೆ. ಮೂರು ಕಾಲಿನ ಸ್ಟ್ಯಾಂಡು ದಾರಿಗೆ ಅಡ್ಡ ಆಗುತ್ತದೆ, ಅದಕ್ಕೇ ಒಂದೇ ಕಾಲಿನದು ಒಯ್ದೆ. ಯಾವ ದೃಶ್ಯವಾದರೂ ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸುವವರೆಗೆ ಕೈ ಕದಲಿಸಬಾರದು ಎಂದು ನಿಯಮ ಹಾಕಿಕೊಂಡೆ. ಇಷ್ಟು ಸಣ್ಣ ನಿಯಮದಿಂದ ಅರ್ಧ ಕೆಲಸ ನೆಟ್ಟಗಾಯಿತು. ಬೆಳಕಿಗೆ ಮಾಡಿದ್ದು ಇಷ್ಟೇ: ಹನ್ನೊಂದರ ಮೊದಲು, ನಾಲ್ಕರ ನಂತರ ಬಯಲಲ್ಲಿ, ನಡುವಿನ ಹೊತ್ತಿನಲ್ಲಿ ಅಂಗಡಿಗಳ ಮಾಡಿನ ಕೆಳಗೆ, ಮರದ ನೆರಳಲ್ಲಿ. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋನು ಬೆಳಕಿನ ಅಳತೆಯನ್ನು ಅಲ್ಲೇ ಬಿಗಿಯುತ್ತದೆ, ಹಿಂದಿನ ಆಕಾಶ ನೋಡಿ ಮುಖ ಕಪ್ಪಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಶಬ್ದದ್ದು. ಬೆರಳುದ್ದದ ಒಂದು ರೆಕಾರ್ಡರ್, ಅಂಗಿಗೆ ಸಿಕ್ಕಿಸುವ ಮೈಕು, ಅದರ ಮೇಲೆ ಗಾಳಿ ತಡೆಯುವ ರೋಮದ ಟೊಪ್ಪಿಗೆ. ಅದನ್ನು ಅಪ್ಪನ ನೆಹರು ಶರ್ಟಿನ ಕಿಸೆಯಲ್ಲಿಟ್ಟೆ. ಫೋನಿನ ಚಿತ್ರಕ್ಕೂ ರೆಕಾರ್ಡರಿನ ಶಬ್ದಕ್ಕೂ ಆಮೇಲೆ ಹೊಂದಿಸಲು ಒಂದು ಗುರುತು ಬೇಕು. ಸಿನಿಮಾದವರು ಹಲಗೆ ಬಡಿಯುತ್ತಾರೆ. ಅಪ್ಪ ಪ್ರತಿ ಸಲವೂ ಕ್ಯಾಮೆರಾ ಮುಂದೆ ತಾಳ ಹಾಕಿದ ಹಾಗೆ ಮೂರು ಚಪ್ಪಾಳೆ ಹೊಡೆದರು. ಎರಡೂ ದಾಖಲೆಗಳ ಶಬ್ದದ ಗೆರೆಯಲ್ಲಿ ಆ ಮೂರು ಮೊನೆಗಳು ಎದ್ದು ಕಾಣುತ್ತವೆ, ಒಂದರ ಮೇಲೊಂದು ಕೂರಿಸಿದರೆ ಮುಗಿಯಿತು.

ಅಪ್ಪ ಈ ಸಲ ಪ್ಯಾಂಟು ಬಿಟ್ಟು ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿಕೊಂಡು ಬಂದಿದ್ದರು. ಯಾರೂ ಹೇಳಿರಲಿಲ್ಲ, ಅವರೇ ಬೆಳಿಗ್ಗೆ ಹಾಗೆ ಸಿದ್ಧವಾಗಿ ಕುಳಿತಿದ್ದರು. ಬಾಗಿಲಿನಿಂದಲೇ ಜನ ತಲೆಬಾಗಿ "ಮೈ ಲಾರ್ಡ್" ಎನ್ನತೊಡಗಿದರು. ಅಪ್ಪ ಒಬ್ಬೊಬ್ಬರಿಗೂ ನಿಂತು ಕೈ ಮುಗಿದರು. ಜುಲೈಯಲ್ಲಿ ನೋಡಲು ಬಂದವರಾಗಿದ್ದ ನಾವು ಈ ಸಲ ಜಾತ್ರೆಯ ಒಂದು ಪಾಲಾಗಿದ್ದೆವು.

ಇಡೀ ದಿನಕ್ಕೆ ಮೂರೇ ಕಡೆ ನಿಲ್ಲುವುದೆಂದು ಮೊದಲೇ ಗೊತ್ತು ಮಾಡಿದ್ದೆ. ಮೊದಲನೆಯದು ಯುದ್ಧದಲ್ಲಿ ತೊಡುವಂಥ ಸರಪಳಿ ಅಂಗಿ ಹೆಣೆಯುವ ಒಬ್ಬ ಹೆಂಗಸಿನ ಅಂಗಡಿ. ಎರಡು ಇಕ್ಕಳ, ಒಂದು ಬೋಗುಣಿ ತುಂಬ ಉಕ್ಕಿನ ಸಣ್ಣ ಉಂಗುರ. "ನಿಮ್ಮ ಕೈಗಳನ್ನು ತೆಗೆಯಬಹುದೇ? ಊರಲ್ಲಿರುವ ನನ್ನ ತಾಯಿಗೆ ತೋರಿಸಬೇಕು" ಎಂದೆ. ಆಕೆ ಬೆಂಚಿನ ಮೇಲೆ ಜಾಗ ಸರಿಸಿದಳು. ಪ್ರತಿ ಉಂಗುರವೂ ಸುತ್ತಲಿನ ನಾಲ್ಕು ಉಂಗುರಗಳ ಒಳಗಿಂದ ಹಾದುಹೋಗಬೇಕು. ಬಾಯಿ ತೆರೆ, ನಾಲ್ಕರಲ್ಲಿ ತೂರಿಸು, ಮುಚ್ಚು. ಮುಚ್ಚುವಾಗ ಟಿಕ್ ಎಂದು ಒಂದು ಸದ್ದು. ಒಂದು ಅಂಗಿಗೆ ಇಂಥವು ಹತ್ತಾರು ಸಾವಿರ. ಅವಳ ತೊಡೆಯ ಮೇಲಿದ್ದ ಅಂಗಿಗೆ ಎದೆ, ಬೆನ್ನು ಆಗಿತ್ತು, ಒಂದು ತೋಳು ಅರ್ಧ ಆಗಿತ್ತು, ಇನ್ನೊಂದು ಇರಲೇ ಇಲ್ಲ. ಜಾತ್ರೆ ಮುಗಿಯುವುದರೊಳಗೆ ಮುಗಿಸಬೇಕೆಂದು ಹಟ ತೊಟ್ಟಿದ್ದೇನೆ ಎಂದಳು. ಅಪ್ಪ ಬಗ್ಗಿ ನೋಡಿ, "ನಿಮ್ಮವ್ವ ಕೌದಿ ಹೊಲಿದಂಗ, ಒಂದ್ ಹೊಲಿಗಿ ತಪ್ಪಿದ್ರ ಎಲ್ಲಾ ಸಡ್ಲ" ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆಗೆ ಕೌದಿಯ ಚಿತ್ರ ನೋಡಲೇಬೇಕಾಯಿತು. ನನ್ನ ಫೋನಿನಲ್ಲಿ ಅವ್ವ ಹೊಲಿದ ಹಳೇ ಸೀರೆಗಳ ಕೌದಿ ಇತ್ತು. ಇಬ್ಬರೂ ಅದರ ಅಂಚಿನ ಹೊಲಿಗೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ನಾನು ಅಲ್ಲಿ ನಲವತ್ತು ನಿಮಿಷ ಇದ್ದೆ. ಬಹಳ ಹೊತ್ತು ಮೈಕನ್ನು ಬೋಗುಣಿಯ ಪಕ್ಕ ಇಟ್ಟು ಆ ಟಿಕ್ ಟಿಕ್ ಮಾತ್ರ ತುಂಬಿಕೊಂಡೆ. ವಿಡಿಯೊ ಆದಮೇಲೆ ಇಂಗ್ಲಿಷ್ ಅಡಿಬರಹದೊಂದಿಗೆ ಕಳಿಸುವುದಾಗಿ ಮಾತು ಕೊಟ್ಟು ಬಂದೆ.

ಮಧ್ಯಾಹ್ನ ಊಟ. ಈ ಜಾತ್ರೆಗಳಲ್ಲಿ ಎಲ್ಲರ ಕೈಯಲ್ಲೂ ಕಾಣುವುದು ಟರ್ಕಿ ಕೋಳಿಯ ದೊಡ್ಡ ಕಾಲು. ನಾವು ತಿನ್ನುವವರಲ್ಲ. ಅಪ್ಪ ಸುಟ್ಟ ಗೋವಿನಜೋಳದ ತೆನೆ ಹಿಡಿದು ಮರದ ಕೆಳಗೆ ಕುಳಿತರು. ಗೋವಿನಜೋಳ ಅಮೆರಿಕದ್ದೇ ಬೆಳೆ, ಹಡಗು ಹತ್ತಿ ನಮ್ಮ ಕಡೆ ಬಂದದ್ದು. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಈ ಕಡೆಯದೇ, ಪೋರ್ಚುಗೀಸರ ಕೈಯಿಂದ ನಮ್ಮಲ್ಲಿಗೆ ಬಂತು. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಇವತ್ತು ಕಾಣುವ ಎರಡೂ ಬೆಳೆ ಈ ಜಾತ್ರೆ ನೆನೆಯುವ ಕಾಲದ ಹಡಗುಗಳ ಕೊಡುಗೆ ಎಂದು ಹೇಳಿದೆ. ಅಪ್ಪ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಕೈಗಳನ್ನು, ಆ ತೆನೆಯನ್ನು ಹತ್ತು ಎಣಿಸುವವರೆಗೆ ತೆಗೆದೆ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ನಾವು ಗೊತ್ತು ಮಾಡಿದ್ದ ಎರಡನೆಯ ಜಾಗ ರಾಣಿಯ ಮೆರವಣಿಗೆ. ಸ್ವಲ್ಪ ಹೊತ್ತಿಗೆ ಅದು ಬಂತು. ಮುಂದೆ ಡೋಲು, ಹಿಂದೆ ಸರದಾರರು, ನಡುವೆ ಬಿಳಿ ಮುಖ, ಕೆಂಗೂದಲು, ಕೊರಳ ಸುತ್ತ ಗಂಜಿ ಹಾಕಿದ ನಿರಿಗೆಪಟ್ಟಿಯ ರಾಣಿ. ನಾನು ಮೆರವಣಿಗೆಯ ಮುಂಭಾಗದ ಬಾವುಟ ತೆಗೆಯಲು ದಾರಿಯ ಆಚೆ ಬದಿಗೆ ಓಡಿದೆ. ಅಷ್ಟರಲ್ಲಿ ಹಿಂದೆ ಗುಂಪು ನಿಂತಿತು. ಬಾವುಟ ತೆಗೆದು ತಿರುಗಿದಾಗ ರಾಣಿ ಅಪ್ಪನ ಮುಂದಿನಿಂದ ಸರಿದು ಹೊರಟಿದ್ದಳು. ಅಪ್ಪ ಕೈ ಮುಗಿದೇ ನಿಂತಿದ್ದರು, ಕಣ್ಣು ಹೊಳೆಯುತ್ತಿದ್ದವು.

ಚಿತ್ರ ಇಲ್ಲ. ಆದರೆ ಕಿಸೆಯ ರೆಕಾರ್ಡರ್ ನಡೆಯುತ್ತಿತ್ತು. ಅಲ್ಲೇ ಮರದ ಬುಡದಲ್ಲಿ ಕಿವಿಗೆ ಹಚ್ಚಿಕೊಂಡು ಕೇಳಿದೆ. ಮೊದಲು ರೇಷ್ಮೆಯ ಸರಬರ, ಆಮೇಲೆ ಅವಳ ದನಿ. ಮಾನ್ಯರು ಯಾವ ದೇಶದಿಂದ ಬಂದಿರೆಂದು ಕೇಳುತ್ತಾಳೆ. ಅಪ್ಪ ಶಾಲೆಯಲ್ಲಿ ಪಾಠ ಒಪ್ಪಿಸುವ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ, "ಫ್ರಮ್ ಬಂಕಾಪುರ, ಮ್ಯಾಡಮ್" ಎನ್ನುತ್ತಾರೆ. ಅದು ಸ್ಪೇನ್‌ಗಿಂತ ದೂರವೋ ಎಂದು ಅವಳು. "ವೆರಿ ಫಾರ್. ವೀ ಆಲ್ಸೋ ಹ್ಯಾವ್ ಒನ್ ಫೋರ್ಟ್." ಒಂದು ಕ್ಷಣ ಬಿಟ್ಟು ರಾಣಿ, ಪಾತ್ರದಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಆಗದೆ, ಹಾಗಾದರೆ ನಿಮ್ಮ ಕೋಟೆಯನ್ನು ಜೋಪಾನ ಮಾಡಿ ಎನ್ನುತ್ತಾಳೆ.

ಅಪ್ಪನಿಗೆ ಆ ಮಾತು ಯಾಕೆ ತಾಗಿತೆಂದು ಕಾರಿನಲ್ಲಿ ಬರುವಾಗ ತಿಳಿಯಿತು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಬಿತ್ತು. ಹಿಂದೆಯೇ 1570ರ ದಶಕದಲ್ಲಿ ಬಂಕಾಪುರದ ಕೋಟೆ ಬಿಜಾಪುರದ ಅಲಿ ಆದಿಲ್‌ಶಾಹನ ಕೈ ಸೇರಿತು. "ಆಕಿ ಬ್ರಿಸ್ಟಲ್ಲಿಗೆ ಬಂದ ಕಾಲಕ್ಕ ನಮ್ಮ ಕೋಟಿ ಕೈ ಬದ್ಲಿ ಆಗಾಕ ಹತ್ತಿತ್ತವಾ. ಆ ಹುಡುಗಿಗೆ ಏನೂ ಗೊತ್ತಿಲ್ಲ, ಖರೇನ. ಆದ್ರೂ ಸರಿಯಾದ ಮಾತು ಆಡಿದ್ಲು." ಹೆದ್ದಾರಿಯುದ್ದಕ್ಕೂ ಅವರು ಇಸವಿಗಳನ್ನು ಜೋಡಿಸುತ್ತಲೇ ಇದ್ದರು. ಅತ್ತ ದಾಸರ ಕೀರ್ತನೆ ಊರೂರಿಗೆ ಹಬ್ಬುತ್ತಿದ್ದ ಕಾಲ, ಇತ್ತ ಈ ರಾಣಿ. ಒಂದೇ ಸೂರ್ಯನ ಕೆಳಗೆ.

ಮೂರನೆಯ ಕಡೆ ಜೌಸ್ಟ್. ಈ ಸಲ ಕಟಕಟೆಯ ಕೊನೆಗೆ, ಜನರಿಂದ ದೂರ ನಿಂತು, ರೆಕಾರ್ಡರಿನ ಮಟ್ಟ ತಗ್ಗಿಸಿಟ್ಟೆ. ಗೊರಸಿನ ಸದ್ದು ನೆಲದಿಂದ ಎದ್ದು ಬಂತು, ಈಟಿಯ ತುದಿ ಮುರಿದ ಚಟಾರ್ ಸ್ವಚ್ಛವಾಗಿ ಬಂತು. ಆಟ ಮುಗಿದ ಮೇಲೆ ಇನ್ನೊಂದು ಸಣ್ಣ ರಂಗದಲ್ಲಿ ಚಾಟಿಯ ಆಟ ನೋಡಿದೆವು. ಕೊನೆಗೆ ಆಟಗಾರ ಟೋಪಿ ತಿರುವಿ ಹಿಡಿದು ಜನರ ನಡುವೆ ಬಂದ. ಇಲ್ಲಿ ಬಹಳ ಕಲಾವಿದರಿಗೆ ಈ ಟೋಪಿಯೇ ಮುಖ್ಯ ಸಂಪಾದನೆ. ಅಪ್ಪ ಇಪ್ಪತ್ತು ಡಾಲರ್ ಹಾಕಿ, ಎದ್ದು ನಿಂತು, ಊರಲ್ಲಿ ಆಯೇರಿ (ಉಡುಗೊರೆ) ಮಾಡುವವರ ಹೆಸರು ಕೂಗುವ ದಾಟಿಯಲ್ಲಿ ಅವ್ವನ ಹೆಸರು ಹೇಳಿ, ಇದು ಅವಳ ಕಡೆಯಿಂದ ಎಂದು ಕನ್ನಡದಲ್ಲಿ ಸಾರಿದರು. ಸುತ್ತಲಿನವರು "ಹಝಾ!" ಎಂದರು. ಅದು ನನ್ನಲ್ಲಿ ಚಿತ್ರ, ಶಬ್ದ ಎರಡೂ ಇದೆ.

ಇನ್ನು ಜೋಡಿಸುವ ಕೆಲಸ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿ ಹಾಕಿಕೊಂಡೆ. ದಿನಾ ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಗಂಟೆ, ಎರಡು ವಾರ. ಮೊದಲ ಜೋಡಣೆ 41 ನಿಮಿಷ ಆಯಿತು. ಚಂದ ಎಂಬ ಒಂದೇ ಕಾರಣಕ್ಕೆ ಉಳಿದಿದ್ದ ದೃಶ್ಯಗಳನ್ನು ತೆಗೆದೆ. ರೆಕ್ಕೆ ಕಟ್ಟಿಕೊಂಡ ಮಕ್ಕಳ ಮುಖ ಹತ್ತಿರದಿಂದ ಕಾಣುವವನ್ನೂ ತೆಗೆದೆ, ಅವರ ತಂದೆತಾಯಿಯನ್ನು ನಾನು ಕೇಳಿರಲಿಲ್ಲ. ಮುಂದಿನ ದೃಶ್ಯದ ಶಬ್ದವನ್ನು ಎರಡು ಸೆಕೆಂಡು ಮೊದಲೇ ಶುರು ಮಾಡಿದರೆ ಚಿತ್ರ ಎಷ್ಟು ಮೆತ್ತಗೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ಕಲಿತೆ. ಬಾವುಟ ಇನ್ನೂ ಕಾಣುತ್ತಿರುವಾಗಲೇ ಟಿಕ್ ಟಿಕ್ ಕೇಳತೊಡಗುತ್ತದೆ, ಆಮೇಲೆ ಉಂಗುರ ಕಾಣುತ್ತವೆ. ರಾಣಿಯ ಮಾತಿಗೆ ಚಿತ್ರ ಇರಲಿಲ್ಲವಲ್ಲ, ಅಲ್ಲಿ ಅಪ್ಪನ ಕೈಯ ಗೋವಿನಜೋಳದ ತೆನೆ ಕೂರಿಸಿದೆ. ಅವಳ ಮುಖ ಕಾಣದ ಕಾರಣಕ್ಕೇ ಆ ದನಿ ನಾನೂರು ವರ್ಷದ ಆಚೆಯಿಂದ ಬಂದ ಹಾಗೆ ಕೇಳುತ್ತದೆ. ನಾನು ಅವಳ ಮುಖ ತೆಗೆದಿದ್ದರೆ ಖಂಡಿತ ಅದನ್ನೇ ಹಾಕಿರುತ್ತಿದ್ದೆ.

13 ನಿಮಿಷಕ್ಕೆ ಇಳಿಯಿತು. ಉಳಿದದ್ದು ನಿರೂಪಣೆ. ಇಲ್ಲಿ ನಾನು ಐದು ರಾತ್ರಿ ಸಿಕ್ಕಿಬಿದ್ದೆ.

ತೊಂದರೆ ಇದು: ಯಾವ ಕನ್ನಡದಲ್ಲಿ ಹೇಳುವುದು? ಜಾತ್ರೆಯವರು ಆಡುವ ಇಂಗ್ಲಿಷ್ ಇಂದಿನದಲ್ಲ. ಪೂರ್ತಿ 1574ರದ್ದೂ ಅಲ್ಲ, ಇಂದಿನವರ ಕಿವಿಗೆ ಹಳತೆಂದು ಕೇಳುವಂತೆ ಹದ ಮಾಡಿದ್ದು. ಮೊದಲು ನನ್ನ ದಿನಬಳಕೆಯ ಮಾತಿನಲ್ಲೇ ಓದಿದೆ: "ಇಲ್ಲಿ ನೀವು ನೋಡ್ತಿರೋದು ಸರಪಳಿ ಅಂಗಿ ಮಾಡೋ ಅಂಗಡಿ." ವಸ್ತುಸಂಗ್ರಹಾಲಯದ ಗೈಡಿನ ಹಾಗೆ ಕೇಳಿಸಿತು. ಆಮೇಲೆ ಪೌರಾಣಿಕ ನಾಟಕದ ಗ್ರಂಥಭಾಷೆ ಹಿಡಿದೆ, "ಮಹಾರಾಣಿಯವರು ಚಿತ್ತೈಸುತ್ತಿದ್ದಾರೆ" ಎಂದು. ಉಕ್ಕಿನ ಉಂಗುರದ ಮುಂದೆ ಕುಳಿತ, ಬೆರಳಿಗೆ ಪಟ್ಟಿ ಸುತ್ತಿಕೊಂಡ ಆ ಹೆಂಗಸಿಗೆ ಅದು ಹೊಂದಲಿಲ್ಲ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದರು. ಐದನೆಯ ರಾತ್ರಿ ಹೇಳಿದರು: "ನೀ ಯಾಕ ಅವ್ರ ಪರವಾಗಿ ಹೇಳಾಕ ಹೋಗ್ತಿ? ಕೇಳು. ಅವ್ರ ಹೇಳ್ತಾರ."

ಸಾರಥಿ!

ನಿರೂಪಣೆಯ ಹಾಳೆಗಳನ್ನು ಪಕ್ಕಕ್ಕಿಟ್ಟೆ. ಹೊಸ ಏರ್ಪಾಡು ಹೀಗಾಯಿತು. ಪ್ರತಿ ಹೊಸ ದೃಶ್ಯ ಬಂದಾಗ ಅಪ್ಪನ ದನಿ ಕೇಳುತ್ತದೆ, "ಈಗ ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು? ತಮ್ಮ ಕಾಯಕವೇನು?" ನಾನು ಆ ಪಾತ್ರದ ಪರವಾಗಿ ಎರಡೇ ಸಾಲಿನ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ. ಉಳಿದದ್ದನ್ನು ಅವರ ಸ್ವಂತ ದನಿ, ಸ್ವಂತ ಕೈ, ಇಕ್ಕಳದ ಸದ್ದು ಹೇಳುತ್ತವೆ. ಕುದುರೆಯನ್ನೂ ಅಪ್ಪ ಬಿಡಲಿಲ್ಲ. ಗೋವಿನಜೋಳದ ತೆನೆಗೂ "ತಾವು ದಾರು?" ಎಂದು ಕೇಳಿದರು, ಅದು ಬರೆದದ್ದಲ್ಲ, ಧ್ವನಿಮುದ್ರಣದ ಹೊತ್ತಿಗೆ ತಾನಾಗಿ ಬಂದದ್ದು.

ಮುದ್ರಣ ನಡೆದದ್ದು ಬಟ್ಟೆಯ ಕೋಣೆಯಲ್ಲಿ. ನೇತುಹಾಕಿದ ಕೋಟು, ಸೀರೆಗಳ ನಡುವೆ ಗೋಡೆಯ ಪ್ರತಿಧ್ವನಿ ಇರುವುದಿಲ್ಲ. ಫ್ರಿಜ್ಜು, ಏಸಿ ಎರಡೂ ಆರಿಸಿದೆ. ಆಗಸ್ಟ್ ಸೆಕೆಯಲ್ಲಿ ಅಪ್ಪ ಒಂದು ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಮದ್ದಳೆಯ ಪೆಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂಗಿದರು. ತೊಡೆಯ ಪೆಟ್ಟು ಮೈಕಿಗೆ ಬರುತ್ತಿದೆ ಅಂದೆ. "ಇರ್ಲಿ ಬಿಡು, ಅದಿಲ್ಲಂದ್ರ ಮಾತು ಬರೂದಿಲ್ಲ" ಎಂದರು. ಹಾಗೇ ಬಿಟ್ಟಿದ್ದೇನೆ.

ಕೊನೆಗೆ ಅಡಿಬರಹ. ಸರಪಳಿ ಅಂಗಡಿಯವಳಿಗೆ ಮಾತು ಕೊಟ್ಟಿದ್ದೆನಲ್ಲ. ಸಾರಥಿಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ "ಹೂ ಆರ್ಟ್ ದೌ" ಎಂದು ಹಾಕಿದೆ. ಜಾತ್ರೆಯಲ್ಲಿ ಎಲ್ಲರ ಬಾಯಲ್ಲೂ ಅದೇ 'ದೌ', ಹಳೆಯ ಸೊಗಸು. ಅಪ್ಪ ತಡೆದರು. 'ದೌ' ಅಂದರೆ ಏನು ಎಂದು ಕೇಳಿದರು. ಒಟ್ಟಿಗೆ ಕುಳಿತು ಹುಡುಕಿದೆವು. ಆ ಕಾಲದ ಇಂಗ್ಲಿಷಿನಲ್ಲಿ 'ದೌ' ಏಕವಚನ: ಸಲಿಗೆಯವರಿಗೆ, ಮಕ್ಕಳಿಗೆ, ಕೈಕೆಳಗಿನವರಿಗೆ. ದೊಡ್ಡವರಿಗೆ 'ಯು'. ಇಂದು ಎಲ್ಲರಿಗೂ ಹೇಳುವ 'ಯು' ಆಗ ಗೌರವದ ಮಾತು. ಅಪ್ಪ ಕನ್ನಡಕ ತೆಗೆದಿಟ್ಟರು. "ರಾಣಿಗೆ 'ನೀ ಯಾರು' ಅಂತ ಕೇಳಾಕ ಬರ್ತೈತೇನವಾ? ಸಾರಥಿ ಆದವ ತಾವು ಅಂತಾನ. ಆ ಅಂಗಿ ಹೆಣೆಯೋ ಹೆಣ್ಮಗಳಿಗೂ ತಾವು." ಎಲ್ಲಾ 'ದೌ'ಗಳನ್ನೂ 'ಯು' ಮಾಡಿದೆ. ನೋಡುವ ಅಮೆರಿಕದವರಿಗೆ ಆ ಸಾಲು ಸಾದಾ ಇಂಗ್ಲಿಷ್ ಅನ್ನಿಸಬಹುದು. ಅದರೊಳಗೆ ಎಷ್ಟು ಮರ್ಯಾದೆ ಇದೆಯೆಂದು ನಮ್ಮಿಬ್ಬರಿಗೆ ಗೊತ್ತು.

ವಿಡಿಯೊ ಅವ್ವನಿಗೆ ಕಳಿಸಿದ್ದು ಆಗಸ್ಟ್ ಕೊನೆಯ ಗುರುವಾರ. ಮರುದಿನ ಅವಳ ಫೋನು ಬಂದಾಗ ನಾನು ಕೆಲಸದಲ್ಲಿದ್ದೆ, ಎದ್ದು ಹೊರಗೆ ಬಂದೆ. ಚಿಕ್ಕಮ್ಮನವರು, ಓಣಿಯ ಮಂದಿ ಎಲ್ಲ ಕಟ್ಟೆಯ ಮೇಲೆ ಕುಳಿತು ಮೂರು ಸಲ ನೋಡಿದರಂತೆ. ಅಪ್ಪ ಅವಳ ಹೆಸರು ಕೂಗಿದ ಜಾಗದಲ್ಲಿ ಎಲ್ಲರೂ ಅವಳನ್ನು ನೋಡಿದರಂತೆ. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ತಂಗಿ, ಆಕಿ ಆ ಕಬ್ಬಿಣದ ಅಂಗಿ ಮುಗಿಸಿದ್ಲೇನು? ಒಂದ್ ತೋಳು ಉಳದಿತ್ತಲ್ಲ."

ನನಗೆ ಗೊತ್ತಿರಲಿಲ್ಲ. ಲೇಬರ್ ಡೇ ಸೋಮವಾರ ಈ ವರ್ಷದ ಜಾತ್ರೆಯ ಕೊನೆಯ ದಿನ. ಸಂಜೆ ಮನೆಗೆ ಬಂದು ಎರಡು ಟಿಕೆಟ್ ತೆಗೆದೆ. ಅಪ್ಪ ಆಗಲೇ ರುಮಾಲು ಒಗೆದು ಹಿತ್ತಲಲ್ಲಿ ಒಣಗಲು ಹಾಕಿದ್ದರು.